ಸಿದೋನಿ ಹಾರಿಬಿಟ್ಟ ಲಂಗಗಳು

ಸಿದೋನಿ ಕಾಬ್ರೊಲ್ ಹುಟ್ಟಿದ್ದು ಬ್ಯಾಲೆ ಕುಣಿತದ ನಡುವೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ನಡುವೆಯೇ. ಅವಳ ಅಮ್ಮ ಅಗ್ಲಾಯಿ ಪ್ಯಾರಿಸ್ಸಿನ ಪೆರ್ಲ್ ಥಿಯೇಟರಿನಲ್ಲಿ ಹಿಂದಿನ ಸಾಲಿನ ನರ್ತಕಿ. ಆ ಕಾಲದಲ್ಲಿ ಬ್ಯಾಲೆಯ ಲಂಗವೆಂದರೆ ಮೀನಖಂಡದವರೆಗೆ ಇಳಿಬೀಳುತ್ತಿದ್ದ, ಪದರದ ಮೇಲೆ ಪದರವಿಟ್ಟ ತೆಳು ಬಿಳಿ ಮಸ್ಲಿನ್. ದೊಡ್ಡ ಗಂಟೆಯೊಂದನ್ನು ಸೊಂಟಕ್ಕೆ ಕಟ್ಟಿಕೊಂಡ ಹಾಗೆ. ಅದರೊಳಗೆ ಏನಿದ್ದರೂ ಹೊರಗಿನವರಿಗೆ ಕಾಣದು. ಅಗ್ಲಾಯಿ ತಿಂಗಳು ತಿಂಗಳಿಗೂ ಸೊಂಟಪಟ್ಟಿಯನ್ನು ಒಂದಿಷ್ಟು ಮೇಲಕ್ಕೇರಿಸಿಕೊಂಡು, ಯಾರಿಗೂ ಸುಳಿವು ಕೊಡದೆ, ಕೊನೆಯ ದಿನದವರೆಗೂ ಕುಣಿದಳು. ಹೊಟ್ಟೆಯೊಳಗಿದ್ದ ಕೂಸಿನ ಅಪ್ಪ ವಾದ್ಯಮೇಳದಲ್ಲಿ ಕೊಂಬು ಊದುವವನು. ಬೇರೆ ಊರಿನ ಮೇಳ ಸೇರಿ ಹೋದವನು ಹೋದ ಹಾಗೇ ಹೋಗಿದ್ದ.

ಅಂದಿನ ಆಟದಲ್ಲಿ ಅಗ್ಲಾಯಿ ಕೆರೆಯಲ್ಲಿ ಮುಳುಗಿ ಸತ್ತ ಕನ್ಯೆಯ ದೆವ್ವ. ಬೆಳದಿಂಗಳಲ್ಲಿ ತೇಲುತ್ತಾ ಬಂದಳು, ತೇಲುತ್ತಾ ಹೋದಳು. ಪರದೆಯ ಮರೆಗೆ ಬಂದದ್ದೇ ತಡ, ಇಸ್ತ್ರಿಗೆ ಕಾದಿದ್ದ ಲಂಗಗಳ ರಾಶಿಯ ಮೇಲೆ ಕುಸಿದು ಕೂತಳು. ಕೂಸು ಅಲ್ಲಿಯೇ ಹುಟ್ಟಿ, ಹುಟ್ಟಿದ ಗಳಿಗೆಯಲ್ಲೇ ಚೀರಿತು. ಸಭೆಯಲ್ಲಿದ್ದವರು ಅದನ್ನು ಕೆರೆಯ ದೆವ್ವದ ಕೂಗೆಂದುಕೊಂಡು ಮೈ ಜುಮ್ಮೆನ್ನಿಸಿಕೊಂಡು ಚಪ್ಪಾಳೆ ತಟ್ಟಿದರು.

"ಹುಟ್ಟುತ್ಲೇ ಚಪ್ಪಾಳೆ ಗಿಟ್ಟಿಸಿದ್ಲು ಕಣ್ರೇ ಇವ್ಳು. ನಂಗೆ ಇಷ್ಟು ವರ್ಷ ಕುಣಿದ್ರೂ ಒಬ್ಬಳಿಗೇ ಅಂತ ಯಾರೂ ತಟ್ಟಿರಲಿಲ್ಲ," ಎಂದು ಅಗ್ಲಾಯಿ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಸಿದೋನಿಯೂ ನರ್ತಕಿಯಾಗಬೇಕೆಂಬುದು ಅಮ್ಮನ ಆಸೆ. ಕಾಲು ಚೆನ್ನಾಗಿತ್ತು, ಬೆನ್ನು ನೆಟ್ಟಗಿತ್ತು. ಇದ್ದ ತೊಡಕು ಒಂದೇ: ನಗು. ಒಮ್ಮೆ ಶುರುವಾಯಿತೆಂದರೆ ಅವಳ ನಗುವಿಗೆ ಕಡಿವಾಣ ಹಾಕುವವರಿಲ್ಲ. ಹದಿಹರೆಯದಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಅವಳೂ ಸ್ಮಶಾನದ ದೆವ್ವಗಳ ಸಾಲಿನಲ್ಲಿ ನಿಂತಿದ್ದಳು. ದೆವ್ವಗಳ ಯಜಮಾನಿತಿಯ ಮೂಗಿನ ತುದಿಗೆ ಒಂದು ನೊಣ ಬಂದು ಕೂತಿತು. ಆಕೆ ಕೈ ಎತ್ತುವ ಹಾಗಿಲ್ಲ, ಶಾಪ ಹಾಕುವ ಭಂಗಿಯಲ್ಲಿದ್ದಾಳೆ. ಮೂಗನ್ನಷ್ಟೇ ಆ ಕಡೆ ಈ ಕಡೆ ಅಲ್ಲಾಡಿಸಿದಳು. ಸಿದೋನಿಯಿಂದ ಒಂದು 'ಪುಸ್' ಹೊರಬಿತ್ತು. ಅದು ಪಕ್ಕದವಳಿಗೆ ಹತ್ತಿತು, ಅವಳಿಂದ ಅವಳ ಪಕ್ಕದವಳಿಗೆ. ಕೊನೆಗೆ ಇಡೀ ಸ್ಮಶಾನವೇ ಭುಜ ಕುಣಿಸುತ್ತಾ ನಿಂತಿತು. ಮಾರನೆಯ ದಿನ ಕುಣಿತದ ಮೇಷ್ಟ್ರು ಅವಳ ಕಿವಿ ಹಿಡಿದು, ಮೆಟ್ಟಿಲು ಹತ್ತಿಸಿ, ಹೊಲಿಗೆ ಕೋಣೆಯ ಬಾಗಿಲಲ್ಲಿ ಬಿಟ್ಟುಬಂದರು.

ಹೊಲಿಗೆ ಕೋಣೆಯ ಹಿರಿಯಾಕೆ ಮದಾಮ್ ತುರ್ವೆಲ್. ಬಾಯಿ ತುಂಬ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಾಕೆ. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಸೂಜಿಗಳ ಸಂದಿಯಿಂದಲೇ ಕೇಳಿದಳು:

"ನಗ್ತೀಯಂತೆ?"

"ಹೂಂ, ಮದಾಮ್."

"ಇಲ್ಲಿ ಎಷ್ಟು ಬೇಕಾದ್ರೂ ನಗು. ಕೈ ಮಾತ್ರ ನಿಲ್ಲಬಾರದು."

ಹೀಗೆ ಸಿದೋನಿ ಲಂಗದವಳಾದಳು. ಬಟ್ಟೆ ಕತ್ತರಿಸುವುದು, ನೆರಿಗೆ ಹಿಡಿಯುವುದು, ಪದರಗಳನ್ನು ಒಂದರ ಮೇಲೊಂದು ಸೊಂಟಪಟ್ಟಿಗೆ ಹೊಲಿಯುವುದು, ಗಂಜಿ ಹಾಕುವುದು, ಬೆವರಿಗೆ ಸೋತು ಜೋತುಬಿದ್ದ ಲಂಗಕ್ಕೆ ಮತ್ತೆ ಜೀವ ತರುವುದು. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಿಗೂ ಹಾಡಿಗೂ ಬರವಿರಲಿಲ್ಲ. ಮಂಡಿ ಸೋತು ಕುಣಿತ ಬಿಟ್ಟ ಅಗ್ಲಾಯಿ ಕೂಡ ಅಲ್ಲಿಗೇ ಬಂದು ಸೇರಿದಳು. ನರ್ತಕಿಯರಿಗೆ ಬಟ್ಟೆ ತೊಡಿಸುವುದು ಅವಳ ಕೆಲಸ. ಯಾರೂ ವಹಿಸದ ಇನ್ನೊಂದು ಕೆಲಸವನ್ನೂ ಅವಳೇ ಮೈಮೇಲೆ ಹಾಕಿಕೊಂಡಿದ್ದಳು: ಪ್ರತಿ ಆಟದಲ್ಲೂ ಪರದೆಯ ಪಕ್ಕ ಒದ್ದೆ ಕಂಬಳಿ ಹಿಡಿದು ನಿಲ್ಲುವುದು. ಹಿಂದೊಮ್ಮೆ ಅವಳ ಗೆಳತಿಯೊಬ್ಬಳ ಲಂಗ ಗ್ಯಾಸ್ ದೀಪಕ್ಕೆ ತಗುಲಿ ಭುಗ್ಗೆಂದಿತ್ತು. ನಂದಿಸಲು ಹೋದ ಅಗ್ಲಾಯಿಯ ಮುಂಗೈ ಸುಟ್ಟು ಸುಕ್ಕುಗಟ್ಟಿತು. ಗೆಳತಿ ಉಳಿಯಲಿಲ್ಲ. ಆ ಮಾತನ್ನು ಅವಳು ಆಡುತ್ತಿರಲಿಲ್ಲ, ಕಂಬಳಿಯನ್ನು ಮಾತ್ರ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಸಿದೋನಿಗೆ ಇಪ್ಪತ್ತೈದರ ಆಸುಪಾಸಿನಲ್ಲಿ ಥಿಯೇಟರಿಗೆ ಇಟಲಿಯಿಂದ ಹೊಸ ನರ್ತಕಿ ಬಂದಳು. ಹೆಸರು ಕಾರ್ಮೆಲಾ ಬ್ರುಸ್ಕಾತಿ, ಊರು ಮಿಲಾನ್. ಕುಳ್ಳಿ, ಗಟ್ಟಿಮುಟ್ಟು, ದ್ರಾಕ್ಷಿಯಂಥ ಕಣ್ಣು. ಒಂಟಿಕಾಲ ತುದಿಯಲ್ಲಿ ನಿಂತು ಬುಗುರಿಯ ಹಾಗೆ ಸುತ್ತಲು ಶುರುವಿಟ್ಟರೆ ನೋಡುವವರ ತಲೆ ತಿರುಗುತ್ತಿತ್ತೇ ಹೊರತು ಅವಳದ್ದಲ್ಲ. ಪ್ಯಾರಿಸ್ಸಿನ ಮಾತನ್ನು ಅವಳು ಕಲಿತದ್ದು ರೈಲಿನಲ್ಲಿ, ಯಾರೋ ಸೋಪು ಮಾರುವವನಿಂದ. ಗಂಡು ಹೆಣ್ಣು, ಏಕ ಬಹು ಎಲ್ಲ ಅವಳ ಬಾಯಲ್ಲಿ ಕಲಸುಮೇಲೋಗರ.

ಹೊಸ ಆಟದ ಹೆಸರು 'ಗಿರಣಿಯವನ ಮದುವೆ'. ಅದರಲ್ಲಿ ಅವಳೇ ಮದುಮಗಳು. ಅಳತೆ ಕೊಡಲು ಬಂದ ದಿನವೇ ರಂಪ ತೆಗೆದಳು. ತೊಡಿಸಿದ ಲಂಗವನ್ನು ಎರಡೂ ಕೈಯಿಂದ ಮಂಡಿಯವರೆಗೆ ಎತ್ತಿ ಹಿಡಿದು, ಥಿಯೇಟರಿನ ಯಜಮಾನ ಮೊಸ್ಯೂ ರಿಗೋ ಅವರಿಗೆ ಹೇಳಿದಳು:

"ಇಲ್ಲಿ! ಇಲ್ಲಿವರೆಗೆ ಬೇಕು! ನನ್ನ ಕಾಲು ಕಾಣಲ್ಲ ಅಂದ್ರೆ ನಾನು ಕಾಲು ಯಾಕೆ ತಂದಿದ್ದಾನೆ?"

"ಸಿಞೊರಿನಾ, ಲಂಗ ಅಂದ್ರೆ ಮರ್ಯಾದೆ," ಎಂದರು ರಿಗೋ, ತಮ್ಮ ಗಡ್ಡ ನೀವಿಕೊಳ್ಳುತ್ತಾ. "ಒಂದು ಬೆರಳು ಮೇಲೇರಿದ್ರೂ ದುಬಾರಿ ಬಾಕ್ಸ್ ಸೀಟಲ್ಲಿ ಕೂತಿರೋ ದೊಡ್ಡಮನುಷ್ಯರು ಎದ್ದು ಹೋಗ್ತಾರೆ."

"ಎದ್ದು ಹೋಗಲ್ಲ, ಮುಂದಕ್ಕೆ ಬಗ್ತಾರೆ," ಎಂದು ಮದಾಮ್ ತುರ್ವೆಲ್ ಸೂಜಿಗಳಿಗೆ ಹೇಳಿಕೊಂಡಳು.

"ಮಿಲಾನಲ್ಲಿ ಎಲ್ಲಾರ್ಗೂ ಮಂಡಿ ಇದಾನೆ!" ಎಂದಳು ಕಾರ್ಮೆಲಾ. "ಪ್ಯಾರಿಸಲ್ಲಿ ಮಂಡಿ ಇಲ್ವಾ?"

ಸಿದೋನಿ ಲಂಗದ ರಾಶಿಯಲ್ಲಿ ಮುಖ ಹುದುಗಿಸಿ ನಕ್ಕಳು. ಅಲ್ಲಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ಆದರೆ ರಿಗೋ ಜಗ್ಗಲಿಲ್ಲ. ಲಂಗ ಮೀನಖಂಡದಲ್ಲೇ ಉಳಿಯಿತು.

ಅಗ್ಲಾಯಿಯೂ ರಿಗೋ ಪಕ್ಷವೇ. "ನಮ್ಮ ಕಾಲದಲ್ಲಿ ನಾವು ತೇಲ್ತಿದ್ವಿ ಕಣೇ," ಎಂದು ಮಗಳಿಗೆ ಹೇಳಿದಳು. "ಕಾಲು ನೆಲಕ್ಕೆ ತಾಗ್ತಾ ಇದೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಮಂಡಿ ತೋರಿಸಿದ್ರೆ ಏನು ಕಾಣತ್ತೆ? ಕಷ್ಟ ಪಡೋದು ಕಾಣತ್ತೆ. ಕಷ್ಟ ನೋಡೋಕೆ ಜನ ಥಿಯೇಟರಿಗೆ ಬರಬೇಕಾ, ಮನೇಲಿಲ್ವಾ?"

ಅದೇ ಹೊತ್ತಿಗೆ ಪೊಲೀಸರಿಂದ ಕಟ್ಟುನಿಟ್ಟಿನ ಆಜ್ಞೆ ಬಂತು. ಬೆಂಕಿ ಹಿಡಿಯದಂತೆ ಕುಣಿತದ ಲಂಗಗಳನ್ನೆಲ್ಲ ಪಟಿಕದ ನೀರಿನಲ್ಲಿ ಅದ್ದಬೇಕು. ನರ್ತಕಿಯರಿಗೆ ಇದು ಸುತರಾಂ ಬೇಡ. ಪಟಿಕ ಕುಡಿದ ಲಂಗ ಹಳದಿಗೆ ತಿರುಗುತ್ತದೆ, ಹಪ್ಪಳದ ಹಾಗೆ ಬಿರುಸಾಗುತ್ತದೆ, ತೊಡೆಗೆ ತುರಿಕೆ ಹಚ್ಚುತ್ತದೆ. ಆದರೆ ಅಗ್ಲಾಯಿ ಸೊಂಟಕ್ಕೆ ಕೈಕೊಟ್ಟು ನಿಂತು, ಒಂದೂ ಬಿಡದೆ ತಾನೇ ಅದ್ದಿಸಿದಳು. ಅಷ್ಟೂ ಲಂಗಗಳನ್ನು ಒಣಗಿಸಲು ಒಳಗೆ ಜಾಗ ಸಾಲದು. ಮೊದಲ ಆಟದ ದಿನ ಮಧ್ಯಾಹ್ನ ಅವನ್ನು ಥಿಯೇಟರಿನ ಮೇಲಿನ ಸಮತಟ್ಟು ಚಾವಣಿಯಲ್ಲಿ, ಚಿಮಣಿಯಿಂದ ಚಿಮಣಿಗೆ ಹಗ್ಗ ಕಟ್ಟಿ ಹರವಿದರು. ಕಾಯಲು ಸಿದೋನಿ.

ಮಾರ್ಚ್ ತಿಂಗಳ ಬಿಸಿಲು. ಕೆಳಗೆ ಬಾತಿಞೋಲ್ ಪೇಟೆಯ ಗದ್ದಲ, ಎದುರಿಗೆ ಮೊಂಮಾರ್ತ್ರ್ ಗುಡ್ಡ, ಅದರ ನೆತ್ತಿಯಲ್ಲಿ ಹಳೆಯ ಗಾಳಿಗಿರಣಿ. ಕಾರ್ಮೆಲಾ ರೊಟ್ಟಿ ಮತ್ತು ಸಾಸೇಜು ಹಿಡಿದುಕೊಂಡು ಮೇಲೆ ಬಂದಳು. ತಿಂದು ಕೈ ಒರೆಸಿಕೊಂಡವಳೇ ಒಣಗಿದ್ದ ಒಂದು ಲಂಗ ತೊಟ್ಟಳು. ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದಲೇ ಪದರಗಳನ್ನು ಮಡಿಸಿ ಮಂಡಿಯ ಮೇಲಕ್ಕೆ ಸಿಕ್ಕಿಸಿಕೊಂಡಳು.

"ನೋಡ್ತಾನಾ, ಸಿದೋನಿ?"

"ನೋಡ್ತಾನೆ, ನೋಡ್ತಾನೆ," ಎಂದಳು ಸಿದೋನಿ ಅವಳ ಧಾಟಿಯಲ್ಲೇ.

ಗಿರಕಿ ಹೊಡೆಯಲು ಹಗ್ಗ ಅಡ್ಡ. ಸಿದೋನಿ ಒಂದು ಗಳಿಗೆಯೂ ಯೋಚಿಸಲಿಲ್ಲ. ಹಗ್ಗ ಬಿಚ್ಚಿ, ಲಂಗಗಳನ್ನೆಲ್ಲ ಎಳೆದು ಒಂದು ಮೂಲೆಗೆ ರಾಶಿ ಹಾಕಿದಳು. ಕಾರ್ಮೆಲಾ ಸುತ್ತಿದಳು. ಆಹಾ, ಎಂಥ ಸುತ್ತು! ಗಿಡ್ಡವಾದ ಲಂಗ ತಟ್ಟೆಯ ಹಾಗೆ ಅಡ್ಡಲಾಗಿ ಬಿಚ್ಚಿಕೊಂಡಿತು. ಅದರ ಕೆಳಗೆ ಎರಡು ಕಾಲು, ಒಂದು ನೆಟ್ಟಗೆ ನಿಂತದ್ದು, ಇನ್ನೊಂದು ಚಾಟಿಯ ಹಾಗೆ ಗಾಳಿ ಹೊಡೆಯುತ್ತಿದ್ದದ್ದು. ಹುಟ್ಟಿದಾಗಿನಿಂದ ಥಿಯೇಟರಿನಲ್ಲೇ ಬೆಳೆದ ಸಿದೋನಿ ನರ್ತಕಿಯೊಬ್ಬಳ ಕಾಲು ಏನು ಮಾಡುತ್ತದೆಂಬುದನ್ನು ಪೂರ್ತಿಯಾಗಿ ಕಂಡದ್ದು ಅದೇ ಮೊದಲು. ಅವಳು ಕೂಗಿದಳು, ಕುಪ್ಪಳಿಸಿದಳು, ತಾನೂ ಒಂದು ಲಂಗ ಏರಿಸಿಕೊಂಡು ಸುತ್ತಲು ಹೋಗಿ ಚಿಮಣಿಗೆ ಢಿಕ್ಕಿ ಹೊಡೆದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಗುಡ್ಡದ ಕಡೆಗೆ ಒಂದು ಗಾಳಿ ಎದ್ದಿತು.

ಮೂಲೆಯ ರಾಶಿ ಮೊದಲು ಉಸಿರೆಳೆದುಕೊಂಡಂತೆ ಉಬ್ಬಿತು. ಮೇಲಿನ ಲಂಗ ಎದ್ದು ನಿಂತಿತು. ಆಮೇಲೆ ಅದರ ಕೆಳಗಿನದು. ಗಂಜಿ ಕುಡಿದು, ಪಟಿಕ ಕುಡಿದು, ಬಿಸಿಲಿಗೆ ಗರಿಗರಿಯಾಗಿದ್ದ ಮದುವೆ ದಿಬ್ಬಣದ ಅಷ್ಟೂ ಲಂಗಗಳು ಒಂದರ ಬೆನ್ನಿಗೊಂದು ಚಾವಣಿಯ ಅಂಚು ದಾಟಿ, ಪ್ಯಾರಿಸ್ಸಿನ ಮೇಲೆ ಹೊರಟೇಬಿಟ್ಟವು.

"ಅಯ್ಯೋ ದೇವರೇ!" ಎಂದಳು ಸಿದೋನಿ.

"ಹೋಗ್ತಾನೆ!" ಎಂದಳು ಕಾರ್ಮೆಲಾ. "ಎಲ್ಲಾ ಹೋಗ್ತಾನೆ!"

ಇಬ್ಬರೂ ಮೆಟ್ಟಿಲುಗಳನ್ನು ಉರುಳಿದಂತೆ ಇಳಿದು ಬೀದಿಗೆ ಬಿದ್ದರು. ಮೈಮೇಲೆ ಕುಣಿತದ ಲಂಗ ಇದೆಯೆಂಬುದೂ ನೆನಪಿಲ್ಲ. ಬೀದಿಯಲ್ಲಿ ಆಗಲೇ ಜಾತ್ರೆ ಸೇರಿತ್ತು. ಒಂದು ಲಂಗ ಬಾಡಿಗೆ ಗಾಡಿಯ ಕುದುರೆಯ ತಲೆಗೆ ಬಿದ್ದು, ಕಿವಿಗಳೆರಡೂ ಮೇಲೆ ಬಂದು, ಕುದುರೆ ಮದುಮಗಳ ಹಾಗೆ ನಾಚಿ ನಿಂತಿತ್ತು. ಇನ್ನೊಂದು ಪಾದ್ರಿಯೊಬ್ಬರ ಛತ್ರಿಗೆ ಸಿಕ್ಕಿಕೊಂಡಿತ್ತು. ಆತ ಛತ್ರಿ ಮುಚ್ಚಲಾರದೆ, ಬಿಚ್ಚಿಡಲೂ ಆರದೆ, ಆಕಾಶ ನೋಡುತ್ತಾ ಪ್ರಾರ್ಥಿಸುತ್ತಿದ್ದರು. ಕೋಸು ಮಾರುವವಳು ಒಂದನ್ನು ಹಿಡಿದು ಕೋಸಿನ ಬುಟ್ಟಿಗೆ ಹೊದಿಸಿ, "ಆಕಾಶದಿಂದ ಬಿದ್ದಿದ್ದು, ಸಿಕ್ಕಿದೋರ್ದು!" ಎಂದು ವಾದಕ್ಕೆ ನಿಂತಳು. ಕಾರ್ಮೆಲಾ ಇಟಾಲಿಯನ್ ಭಾಷೆಯಲ್ಲಿ ಬೈದಳು, ಅವಳು ತನ್ನ ಭಾಷೆಯಲ್ಲಿ ಬೈದಳು, ಕೊನೆಗೆ ಯಾವ ಒಪ್ಪಂದವಾಯಿತೋ, ಇಬ್ಬರೂ ಕೆನ್ನೆಗೆ ಮುತ್ತಿಟ್ಟುಕೊಂಡು ಬೇರೆಯಾದರು. ನಾಯಿಯೊಂದು ಒಂದು ಲಂಗವನ್ನು ಕಚ್ಚಿಕೊಂಡು ಕೆಸರಿನಲ್ಲಿ ಎಳೆದೊಯ್ಯುತ್ತಿತ್ತು. ಗುಡ್ಡದ ಮೇಲಿನ ಗಾಳಿಗಿರಣಿಯ ರೆಕ್ಕೆಗೆ ಮತ್ತೊಂದು ಸಿಕ್ಕಿಕೊಂಡು ಗಿರಗಿರನೆ ಸುತ್ತುತ್ತಿತ್ತು.

ಸಿದೋನಿಗೆ ಅಳು ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ ನಗುವೂ ಬಂತು. ಕಣ್ಣೀರು ಸುರಿಸುತ್ತಾ, ಬಿಕ್ಕುತ್ತಾ, ಕಿಲಕಿಲ ನಗುತ್ತಾ, ತೋಳ ತುಂಬ ಲಂಗ ಹೊತ್ತುಕೊಂಡು ಓಡುವಾಗ ಮೇಲಿನಿಂದ ಯಾರೋ ಕೂಗಿದರು.

"ಏನಮ್ಮಾ, ಇವೆಲ್ಲ ನಿಮ್ಮವಾ?"

ಆರಂತಸ್ತಿನ ಕಟ್ಟಡದ ಮೇಲೆ ಚಾವಣಿಗೆ ಸತುವಿನ ತಗಡು ಹೊದಿಸುವ ಕೆಲಸದವನೊಬ್ಬ ನಿಂತಿದ್ದ. ದಪ್ಪ ಮೀಸೆ, ಅಗಲ ಎದೆ, ಕೈಯಲ್ಲಿ ಉದ್ದನೆಯ ಕೊಕ್ಕೆ. ಚಿಮಣಿಗಳಿಗೆ ಸಿಕ್ಕಿದ್ದ ಲಂಗಗಳನ್ನು ಆಗಲೇ ಕೊಕ್ಕೆಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದ.

"ನಂದಲ್ಲ! ಮದುವೆ ದಿಬ್ಬಣದ್ದು!" ಎಂದು ಸಿದೋನಿ ಕೂಗಿದಳು.

"ಹುಡುಗೀರೆಲ್ಲಾ ಎಲ್ಲಿ? ಬರೀ ಲಂಗ ಬಂದಿದಾವಲ್ಲ!"

"ತಮಾಷೆ ಸಾಕು, ಎಸೀರಿ ಕೆಳಗೆ! ಸಂಜೆಗೆ ಆಟ ಇದೆ!"

ಅವನು ಒಂದೊಂದನ್ನೇ ಎಸೆದ. ಅವು ಸಾವಕಾಶವಾಗಿ ಅರಳುತ್ತಾ ಇಳಿದು ಬಂದವು. ದೂರದ ಇನ್ನೊಂದು ಸಾಲು ಚಾವಣಿಯ ಕಡೆ ಕೈ ತೋರಿಸಿ, "ಅಲ್ಲೊಂದಿದೆ. ಎಟುಕಿಸ್ಕೊಂಡು ನಾನೇ ತಂದುಕೊಡ್ತೀನಿ. ಯಾವ ಥಿಯೇಟರು?" ಎಂದ.

"ಪೆರ್ಲ್! ಹಿಂಬಾಗಿಲಿಗೆ ಬನ್ನಿ!"

"ನನ್ನ ಹೆಸರು ಆನ್ಸೆಲ್ಮ್ ಪಿಜಾರ್! ನಿಮ್ದು?"

"ಹೆಸರು ಕೇಳೋ ಹೊತ್ತಾ ಇದು?" ಎಂದು ಓಡಿದವಳು, ಬೀದಿ ತಿರುವಿನಲ್ಲಿ ನಿಂತು, "ಸಿದೋನಿ!" ಎಂದು ಕೂಗಿಯೇ ಹೋದಳು.

ಹೊಲಿಗೆ ಕೋಣೆಯ ಮೇಜಿನ ಮೇಲೆ ಲಂಗಗಳನ್ನು ಸುರಿದಾಗ ಎಲ್ಲರೂ ಸುತ್ತ ನೆರೆದರು. ಸೊಂಟದ ಕಡೆಯೆಲ್ಲ ಚೆನ್ನಾಗಿಯೇ ಇತ್ತು. ಅಂಚಿನ ಕಡೆ ಮಾತ್ರ ಕೇಳಬಾರದು: ಚಿಮಣಿಗೆ ಉಜ್ಜಿ ಮಸಿ, ನೆಲಕ್ಕೆ ಬಿದ್ದು ಕೆಸರು, ಎಳೆದು ಹರಿದು ಚಿಂದಿ. ಹೊಸ ಬಟ್ಟೆ ತಂದು, ಹೊಲಿದು, ಅದ್ದಿ ಒಣಗಿಸಲು ವೇಳೆಯಿಲ್ಲ. ಅಗ್ಲಾಯಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಮದಾಮ್ ತುರ್ವೆಲ್ ಲಂಗಗಳನ್ನು ನೋಡಿದಳು. ಆಮೇಲೆ ಇನ್ನೂ ಲಂಗವನ್ನು ಕ್ಲಿಪ್ಪಿನಿಂದ ಮಂಡಿಯ ಮೇಲಕ್ಕೆ ಸಿಕ್ಕಿಸಿಕೊಂಡೇ ಏದುಸಿರು ಬಿಡುತ್ತಿದ್ದ ಕಾರ್ಮೆಲಾಳನ್ನು ನೋಡಿದಳು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಹಾಗೆ ತೆಗೆದಿಟ್ಟದ್ದನ್ನು ಅಲ್ಲಿದ್ದವರಾರೂ ಹಿಂದೆಂದೂ ಕಂಡಿರಲಿಲ್ಲ.

"ಸಿದೋನಿ, ಕತ್ತರಿ ಕೊಡೇ."

ಕತ್ತರಿಗಳು ಹೊರಟವು. ಹಾಳಾದ ಅಂಚೆಲ್ಲ ನೆಲಕ್ಕೆ ಬಿತ್ತು. ಕತ್ತರಿಸಿದ್ದರಲ್ಲೇ ಚೆನ್ನಾಗಿ ಉಳಿದಿದ್ದ ತುಂಡುಗಳನ್ನು ಆಯ್ದು, ನೆರಿಗೆ ಹಿಡಿದು, ಒಳಗಡೆ ಇನ್ನಷ್ಟು ಪದರ ಕೂಡಿಸಿದರು. ಒಂದನ್ನು ಮುಗಿಸಿ ಮೇಜಿನ ಮೇಲಿಟ್ಟರೆ ಅದು ಜೋತುಬೀಳಲೇ ಇಲ್ಲ, ಅರಳಿದ ಹೂವಿನ ಹಾಗೆ ಅಡ್ಡಲಾಗಿ ನಿಂತುಕೊಂಡಿತು. ಕೆಳಗೆ ತೊಡುವ ಚಲ್ಲಣಗಳು ಇನ್ನು ಎಲ್ಲರಿಗೂ ಕಾಣುವಂಥವು. ಅವಕ್ಕೂ ಒಂದೊಂದು ಸುತ್ತು ಲೇಸು ಬಿತ್ತು.

ಹಿಂದಿನ ಸಾಲಿನ ನರ್ತಕಿಯರು ಬಂದು ನೋಡಿ ಕಿಟಾರನೆ ಕಿರುಚಿಕೊಂಡರು.

"ಇದನ್ನ ಹಾಕ್ಕೊಂಡು ಜನರ ಮುಂದೆ ಹೋಗೋದಾ? ನನ್ನ ಮಂಡಿ ನನ್ನ ಗಂಡನೂ ಸರಿಯಾಗಿ ನೋಡಿಲ್ಲ ಕಣೇ!" ಎಂದಳು ಒಬ್ಬಳು.

"ಹಂಗಾದ್ರೆ ಇವತ್ತು ಟಿಕೇಟು ತಗೊಂಡು ಬರೋಕೆ ಹೇಳು," ಎಂದಳು ಸಿದೋನಿ, ಹಲ್ಲಿನಿಂದ ದಾರ ಕಡಿಯುತ್ತಾ.

ಮೊಸ್ಯೂ ರಿಗೋ ಬಂದದ್ದು ಪರದೆ ಏಳಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ. ಸಾಲಾಗಿ ನಿಂತ ಮಂಡಿಗಳನ್ನು ಕಂಡು ಅವರ ಗಡ್ಡ ನಡುಗಿತು.

"ಏನಿದು? ಮದುವೇನಾ, ಕೋಳಿ ಅಂಗಡೀನಾ? ಯಾರು ಮಾಡಿದ್ದು ಇದನ್ನ?"

"ಗಾಳಿ, ಮೊಸ್ಯೂ," ಎಂದಳು ಸಿದೋನಿ. ಅಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಕುದುರೆಯ ಕಿವಿಗಳು ನೆನಪಾಗಿಬಿಟ್ಟವು. ತಡೆಯಲಾರದೆ ನಕ್ಕಳು.

"ನಗ್ತೀಯಾ? ನಾಳೆಯಿಂದ ನಿಂಗೆ ಇಲ್ಲಿ ಕೆಲಸ ಇಲ್ಲ! ನಡಿ!"

"ನಾಳೆ ತಾನೇ? ಇವತ್ತು ಇನ್ನೂ ಕೊಂಡಿ ಹಾಕೋದಿದೆ," ಎಂದು ಅವಳು ಕಣ್ಣೊರೆಸಿಕೊಂಡು ಮದುಮಗಳ ಬೆನ್ನಿನ ಕೊಂಡಿಗಳ ಕಡೆ ತಿರುಗಿದಳು. ವಾದ್ಯ ಶುರುವಾಗಿತ್ತು. ರಿಗೋ ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಪರದೆ ಎದ್ದಿತು. ಗಿರಣಿಯವನ ಅಂಗಳದಲ್ಲಿ ಹುಡುಗಿಯರ ಸಾಲು. ಸಭೆ ಗಪ್‌ಚಿಪ್. ಬಾಕ್ಸಿನ ದೊಡ್ಡಮನುಷ್ಯರು ಯಾರೂ ಎದ್ದು ಹೋಗಲಿಲ್ಲ. ದುರ್ಬೀನುಗಳು ಎದ್ದವು, ಅಷ್ಟೇ. ಆಗ ತೀರಾ ಮೇಲಿನ ಅಗ್ಗದ ಸೀಟುಗಳಿಂದ, ಇದ್ದಿಲು ಮಾರುವ ಹೆಂಗಸೊಬ್ಬಳ ಭಾರೀ ಗಂಟಲು ಕೇಳಿತು:

"ತುತು! ಲೋ, ನೋಡ್ರೋ ತುತುಗಳ್ನ!"

ಅಲ್ಲಿನವರು ಎಳೆ ಮಕ್ಕಳ ಕುಂಡೆಗೆ ಮುದ್ದಿನಿಂದ ಹೇಳುವ ಮಾತಿಗೆ ತೀರ ಹತ್ತಿರದ್ದು ಅದು. ಕುಣಿತದ ಲಂಗಕ್ಕೆ ಆ ಹೆಸರು ಊರಿನಲ್ಲಿ ಅಲ್ಲಲ್ಲಿ ಆಗಲೇ ಓಡಾಡುತ್ತಿತ್ತು. ಇಡೀ ಸಭೆ ಘೊಳ್ಳೆಂದಿತು. ನಗು ಸುಮಾರು ಹೊತ್ತು ನಿಲ್ಲಲಿಲ್ಲ. ಪರದೆಯ ಮರೆಯಲ್ಲಿದ್ದ ಸಿದೋನಿಗೆ ಜೀವಮಾನದಲ್ಲಿ ಮೊದಲ ಬಾರಿ ನಗು ಬರಲಿಲ್ಲ. ಈ ನಗುವಿನಲ್ಲಿ ಕಾರ್ಮೆಲಾ ಹೇಗೆ ಕಾಲಿಡುತ್ತಾಳೆ?

ಕಾರ್ಮೆಲಾ ಕಾಲಿಟ್ಟಳು. ಸಭೆಯ ಮುಂದೆ ನಿಂತು, ಬಾಗಿ, ತನ್ನ ಲಂಗವನ್ನು ತಾನೇ ಒಮ್ಮೆ ಹಿಂದಿನಿಂದ ತಟ್ಟಿಕೊಂಡಳು. ಇನ್ನೂ ಜೋರಾಗಿ ನಕ್ಕರು. ಆಮೇಲೆ ಒಂಟಿಕಾಲ ಮೇಲೆದ್ದು ಸುತ್ತಲು ಶುರುಮಾಡಿದಳು. ನಗು ಹಾಗೇ ಗಂಟಲಲ್ಲಿ ನಿಂತಿತು. ಸುತ್ತು ಮುಗಿಯುತ್ತದೆ ಅಂದುಕೊಂಡಾಗ ಇನ್ನೊಂದು, ಅದೂ ಮುಗಿಯಿತೆಂದಾಗ ಮತ್ತೊಂದು. ಇಷ್ಟು ವರ್ಷ ಮಸ್ಲಿನ್ನಿನ ಮಂಜಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕೆಲಸವೆಲ್ಲ ಬಟಾಬಯಲಾಗಿ ಬೆಳಕಿಗೆ ಬಂದಿತ್ತು. ವಾದ್ಯದವರು ಅವಳ ಬೆನ್ನು ಹತ್ತಿ ಓಡಿದರು. ಮೇಲಿನ ಸೀಟುಗಳು ಕಾಲು ಬಡಿಯತೊಡಗಿದವು.

ಸುತ್ತುತ್ತಾ ಸುತ್ತುತ್ತಾ ಅವಳು ರಂಗದ ಅಂಚಿಗೆ ಬಂದಳು. ಅಡ್ಡಲಾಗಿ ಚಾಚಿದ ಲಂಗ ಗ್ಯಾಸ್ ದೀಪಗಳ ಸಾಲಿನ ಮೇಲೆ ಹಾದುಹೋಯಿತು. ಸಿದೋನಿ ಅದನ್ನು ಕಂಡಳು, ಅವಳ ಪಕ್ಕದಲ್ಲಿ ಅಮ್ಮ ಕಂಡಳು. ಒದ್ದೆ ಕಂಬಳಿ ಬಿಚ್ಚಿಕೊಂಡು ಅಗ್ಲಾಯಿ ಆಗಲೇ ಅರ್ಧ ಹೆಜ್ಜೆ ರಂಗಕ್ಕೆ ಇಟ್ಟಿದ್ದಳು. ಲಂಗದ ಅಂಚು ಕಂದಿತು, ಕಪ್ಪಾಯಿತು, ಒಂದಿಷ್ಟು ಹೊಗೆಯಾಡಿತು. ಅಷ್ಟೇ. ಪಟಿಕ ಕೆಲಸ ಮಾಡಿತ್ತು. ಕಾರ್ಮೆಲಾಳಿಗೆ ಗೊತ್ತೇ ಆಗಲಿಲ್ಲ, ಸುತ್ತುತ್ತಲೇ ರಂಗದ ನಡುವಿಗೆ ಹೋದಳು. ಅಗ್ಲಾಯಿ ಕಂಬಳಿಯನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟಳು. ಅವಳ ರವಿಕೆಯೆಲ್ಲ ಒದ್ದೆ. ಸಿದೋನಿ ಅವಳ ಸುಕ್ಕುಗಟ್ಟಿದ ಮುಂಗೈಯನ್ನು ಹಿಡಿದುಕೊಂಡಳು.

ಆನ್ಸೆಲ್ಮ್ ಬಂದದ್ದು ಆ ಹೊತ್ತಿಗೆ. ಕೊನೆಯ ಲಂಗವನ್ನು ಅವನು ಚರ್ಚಿನ ಗಂಟೆಗೋಪುರದಷ್ಟು ಎತ್ತರದ ಎಲ್ಲಿಂದಲೋ ಬಿಡಿಸಿದ್ದ. ಏಣಿ ಇಳಿಯಲು ಎರಡೂ ಕೈ ಬೇಕಲ್ಲ, ಅದಕ್ಕೆ ಲಂಗವನ್ನು ಸೊಂಟಕ್ಕೇ ಕಟ್ಟಿಕೊಂಡಿದ್ದ. ಇಳಿದ ಮೇಲೆ ಬಿಚ್ಚಲು ನೋಡಿದರೆ ಗಂಟು ಬಿಗಿದುಕೊಂಡು ಬರಲೊಲ್ಲದು. ಆಟಕ್ಕೆ ತಡವಾದೀತೆಂದು ಹಾಗೇ ಬೀದಿಯಲ್ಲಿ ಓಡಿಬಂದಿದ್ದ, ಮೀಸೆ, ಬೂಟು, ಮಂಡಿಯ ಕೆಳಗಿಳಿಯುವ ಬಿಳಿ ಲಂಗ. ಹಿಂಬಾಗಿಲಿನಿಂದ ಕತ್ತಲೆಗೆ ನುಗ್ಗಿದವನನ್ನು, ರಂಗದ ಮೇಲೆ ಜನ ಬಿಡುವ ಕೆಲಸದವನು ಬಿಳಿ ಲಂಗ ಕಂಡದ್ದೇ ಬೆನ್ನಿಗೆ ಕೈಕೊಟ್ಟು, "ತಡವಾಯ್ತು, ನಡಿ ನಡಿ!" ಎಂದು ದಬ್ಬಿಬಿಟ್ಟ.

ಆನ್ಸೆಲ್ಮ್ ಪಿಜಾರ್ ಬೆಳಕಿಗೆ ಬಿದ್ದ. ಎದುರಿಗೆ ಸಾವಿರ ಮುಖ. ಪಕ್ಕದಲ್ಲಿ ಕುಣಿಯುವ ಹುಡುಗಿಯರು. ಓಡಿಹೋಗುವುದೆಂದರೆ ಯಾವ ಕಡೆಗೋ ತಿಳಿಯದು. ಆರಂತಸ್ತಿನ ಮೇಲೆ ಜಾರು ತಗಡಿನಲ್ಲಿ ನಡೆದು ರೂಢಿಯಿದ್ದವನು, ಮರದ ಹಲಗೆಯ ಮೇಲೆ ಎಡವಿದ. ಕಾರ್ಮೆಲಾ ಅವನನ್ನು ನೋಡಿದಳು. ಎರಡೂ ಕೈ ಹಿಡಿದು, ಒಂದು ಸುತ್ತು ಸುತ್ತಿಸಿ, ಕೆನ್ನೆ ತಟ್ಟಿ, ಪರದೆಯ ಕಡೆಗೆ ಕಳಿಸಿಕೊಟ್ಟಳು. ನಗಿಸಲೆಂದು ಗಂಡಸೊಬ್ಬ ಹಾಕಿದ ಮದುಮಗನ ಅತ್ತೆಯ ವೇಷ ಅದು ಎಂದುಕೊಂಡು ಸಭೆ ಎದ್ದು ನಿಂತು ಕೂಗಿತು.

ಅವನು ಬಂದು ಬಿದ್ದದ್ದು ಸಿದೋನಿಯ ತೋಳಿಗೆ.

"ಇದು... ನಿಮ್ಮ ಲಂಗ," ಎಂದ.

ಸಿದೋನಿ ಗಂಟು ಬಿಚ್ಚಲು ಮಂಡಿಯೂರಿ ಕೂತಳು. ನಗುವಿನ ಭರದಲ್ಲಿ ಗಂಟು ಸಿಗಲಿಲ್ಲ. ಕೊನೆಗೆ ಕತ್ತರಿಸಬೇಕಾಯಿತು.

ಆಟ ಮುಗಿದ ಮೇಲೆ ಬಾಕ್ಸಿನ ದೊಡ್ಡಮನುಷ್ಯರು ಬಂದು ರಿಗೋ ಅವರ ಕೈ ಕುಲುಕಿದರು. ಎಂಥ ಹೊಸತನ, ಎಂಥ ಧೈರ್ಯ! ರಿಗೋ ಗಡ್ಡ ನೀವಿಕೊಂಡು, "ಬಹಳ ದಿನದಿಂದ ಯೋಚನೆ ಮಾಡ್ತಿದ್ದೆ," ಎಂದರು. ಆಮೇಲೆ ಹೊಲಿಗೆ ಕೋಣೆಗೆ ಇಣುಕಿ, ಸಿದೋನಿಯ ಮುಖ ನೋಡದೆ, "ನಾಳೆ ಬೇಗ ಬಾ. ಮತ್ತೆ ಆ ಅತ್ತೆ... ನಾಳೇನೂ ಬರ್ತಾಳಾ?" ಎಂದು ಕೇಳಿದರು.

ಆನ್ಸೆಲ್ಮ್ ಮತ್ತೆ ರಂಗ ಹತ್ತಲು ಒಪ್ಪಲಿಲ್ಲ. ಹಿಂಬಾಗಿಲಿಗೆ ಮಾತ್ರ ದಿನವೂ ಬಂದ. ಬೇಸಿಗೆಯಲ್ಲಿ ಮದುವೆಯಾಯಿತು. ಪುರಭವನದಲ್ಲಿ ಅಧಿಕಾರಿ ನೀಲಿ ಬಿಳಿ ಕೆಂಪು ಪಟ್ಟಿ ಧರಿಸಿ, ಗಂಡನಿಗೆ ವಿಧೇಯಳಾಗಿರಬೇಕೆಂಬ ಕಾನೂನಿನ ಸಾಲನ್ನು ಗಂಭೀರವಾಗಿ ಓದುವಾಗ ಸಿದೋನಿಗೆ ನಗು ಬಂತು. ಮದುಮಗನಿಗೂ ಹತ್ತಿತು, ಮದುವೆ ನೋಡಲು ಬಂದ ಮದಾಮ್ ತುರ್ವೆಲ್‌ಗೂ ಹತ್ತಿತು. ಅಧಿಕಾರಿ ಎರಡು ಸಲ ಮೊದಲಿನಿಂದ ಓದಬೇಕಾಯಿತು.

ಕಾರ್ಮೆಲಾ ಎರಡು ಋತು ಕುಣಿದು ಪೀಟರ್ಸ್‌ಬರ್ಗಿಗೆ ಹೋದಳು. ಅಲ್ಲಿಂದ ಮಿಲಾನಿಗೆ ಮರಳಿ, ದಪ್ಪಗಾಗಿ, ಹುಡುಗಿಯರಿಗೆ ಕಲಿಸತೊಡಗಿದಳು. ಪ್ಯಾರಿಸ್ಸಿಗೆ ಬಂದಾಗಲೆಲ್ಲ ಸಿದೋನಿಯ ಮನೆಯಲ್ಲೇ ಉಳಿಯುತ್ತಿದ್ದಳು. ಅವಳ ಗಂಡು ಹೆಣ್ಣು ಕೊನೆಯವರೆಗೂ ಸರಿಹೋಗಲಿಲ್ಲ. ಮದಾಮ್ ತುರ್ವೆಲ್ ತೀರಿಕೊಂಡ ಮೇಲೆ ಹೊಲಿಗೆ ಕೋಣೆ ಸಿದೋನಿಯ ಕೈಗೆ ಬಂತು. ವರ್ಷ ವರ್ಷಕ್ಕೂ ಲಂಗ ಏರುತ್ತಾ, ಅಗಲವಾಗುತ್ತಾ ಹೋಯಿತು. ಪದರಗಳು ಹೆಚ್ಚಿದವು, ಮಸ್ಲಿನ್ ಹೋಗಿ ಬಲೆಯಂಥ ಟ್ಯೂಲ್ ಬಂತು, ಗ್ಯಾಸ್ ದೀಪ ಹೋಗಿ ವಿದ್ಯುತ್ ದೀಪ ಬಂತು. ಅಗ್ಲಾಯಿ ಕಂಬಳಿಯನ್ನು ಕೆಳಗಿಟ್ಟದ್ದು ಆ ದೀಪ ಬಂದ ಮೇಲೆಯೇ.

ಗಿಡ್ಡ ಲಂಗವನ್ನು ಬೈಯುವುದನ್ನು ಮಾತ್ರ ಅವಳು ಕೆಳಗಿಡಲಿಲ್ಲ. ಒಂದು ಭಾನುವಾರ ಸಿದೋನಿ ಸರಿಪಡಿಸಲೆಂದು ಮನೆಗೆ ತಂದ ಲಂಗವೊಂದು ಅಡುಗೆಮನೆಯ ಕುರ್ಚಿಯ ಮೇಲಿತ್ತು. ಒಲೆಯ ಮೇಲೆ ಈರುಳ್ಳಿ ಸೂಪು. ಆನ್ಸೆಲ್ಮ್ ಮಕ್ಕಳಿಬ್ಬರನ್ನು ಕರೆದುಕೊಂಡು ಹೊರಗೆ ಹೋಗಿದ್ದ. ಸಿದೋನಿ ನೆಲಮಾಳಿಗೆಯಿಂದ ವೈನ್ ತಂದು ಬಾಗಿಲು ತಳ್ಳಿದರೆ, ಅಮ್ಮ ಉಣ್ಣೆಯ ಕಾಲುಚೀಲ ಮತ್ತು ಚಲ್ಲಣದ ಮೇಲೆ ಆ ಲಂಗವನ್ನು ತೊಟ್ಟು, ಕಿಟಕಿಯ ಗಾಜಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಮಂಡಿಗಳು, ಎರಡು ಆಲೂಗಡ್ಡೆಯ ಹಾಗೆ.

"ಅಮ್ಮಾ!"

"ಏನೇ, ಕೂಗ್ಬೇಡ. ಸೊಂಟ ಸರಿಯಾಗಿದ್ಯಾ ಅಂತ ನೋಡ್ತಿದ್ದೆ, ಅಷ್ಟೇ."

"ಸರಿಯಾಗಿದ್ಯಾ?"

ಅಗ್ಲಾಯಿ ಮೇಜು ಹಿಡಿದುಕೊಂಡು ಮೆಲ್ಲಗೆ ಒಂದು ಕಾಲೆತ್ತಿದಳು. ಹೆಚ್ಚೇನೂ ಎತ್ತಲಿಲ್ಲ, ಒಂದು ಗೇಣು. ಕೆಳಗೆ ಬಗ್ಗಿ ಆ ಕಾಲನ್ನೇ ನೋಡಿದಳು.

"ಅಲ್ವೇ, ಚೆನ್ನಾಗೇ ಇತ್ತಲ್ಲೇ ನನ್ನ ಕಾಲು," ಎಂದಳು. "ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ!"

ಸಿದೋನಿ ವೈನ್ ಬಾಟಲಿಯನ್ನು ನೆಲದ ಮೇಲಿಟ್ಟು, ಅಲ್ಲೇ ಹೊಸ್ತಿಲಲ್ಲಿ ಕೂತು ನಗತೊಡಗಿದಳು. ಅಗ್ಲಾಯಿ ಅವಳಿಗೆ ಬೈಯುತ್ತಲೇ ಇನ್ನೊಂದು ಕಾಲನ್ನೂ ಎತ್ತಿ ನೋಡಿದಳು. ಸೂಪು ಉಕ್ಕಿ ಒಲೆಗೆ ಸುರಿಯಿತು, ಎದ್ದು ಇಳಿಸುವವರು ಯಾರೂ ಇರಲಿಲ್ಲ.